ಥಂಡಿ ಹಿಡಿದ ತೋಟೆಗಳು

ಪುಂಡಲೀಕ ಮೇಸ್ತ್ರಿ ತೋಟೆಯನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ಬಂದೂಕಿನ ತೋಟೆ. ಕೆಂಪು ಕಾಗದದ ಕೊಳವೆ, ಹಿತ್ತಾಳೆಯ ತಳ, ತಳದ ನಡುವೆ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು ಮತ್ತು ಸೀಸದ ಚರೆ. ಅದನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಿವಿಯ ಹತ್ತಿರ ಒಯ್ದು, ಮೆಲ್ಲಗೆ ಆಚೆ ಈಚೆ ವಾಲಿಸುತ್ತಿದ್ದರು. ಆಗ ಅವರ ಕಣ್ಣು ಮುಚ್ಚಿರುತ್ತಿತ್ತು, ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಆಮೇಲೆ ಮೂಸುತ್ತಿದ್ದರು. ಕಾಗದದ ಮೈಮೇಲೆ ಉಗುರು ಎಳೆಯುತ್ತಿದ್ದರು. ಕೊನೆಗೆ ತೀರ್ಪು.

“ಥಂಡಿ ಹಿಡ್ದದೆ ಇದ್ಕೆ. ಯಾವಾಗ ಕೆಮ್ತದೆ ಹೇಳೂಕೆ ಬರೂದಿಲ್ಲ.”

ನೀರು ತಗುಲಿದ ತೋಟೆಯನ್ನು ಅವರು ‘ಒದ್ದೆ’ ಎಂದಾಗಲಿ ‘ಕೆಟ್ಟಿದೆ’ ಎಂದಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. ಒದ್ದೆ ಎಂದರೆ ಜನ ಒಣಗಿಸಿಬಿಡುತ್ತಾರೆ. ಕೆಟ್ಟಿದೆ ಎಂದರೆ ಸಿಟ್ಟಾಗುತ್ತಾರೆ. ಥಂಡಿ ಎಂದರೆ ಮಾತ್ರ ಸ್ವಲ್ಪ ಕನಿಕರದಿಂದ ಪಕ್ಕಕ್ಕೆ ಇಡುತ್ತಾರೆ ಎನ್ನುತ್ತಿದ್ದರು. ಅಂಕೋಲೆಯ ಕಡೆ ಅವರಿಗೆ ‘ತೋಟೆ ಡಾಕ್ಟ್ರು’ ಎಂದೇ ಹೆಸರು.

ಕಾರವಾರದ ಪೇಟೆಯಲ್ಲಿ ಆಗ ಇದ್ದ ಬಂದೂಕಿನ ಅಂಗಡಿಯೊಂದರಲ್ಲಿ ಅವರು ರಿಪೇರಿ ಕೆಲಸ ಮಾಡುತ್ತಿದ್ದರು. ಮನೆ ಕೋಡಿಬಾಗದಲ್ಲಿ, ಮನೆಮಾತು ಕೊಂಕಣಿ. ನಾನು ಅವರನ್ನು ಮೊದಲು ಕಂಡದ್ದು ಎಂಬತ್ತರ ದಶಕದ ನಡುವೆ, ರಾಮನಗುಳಿಯ ಕಡೆಯ ಹಳ್ಳಿಗಳಿಗೆ ನಾನು ತಲಾಟಿಯಾಗಿದ್ದಾಗ. ಊರಿನ ಜಮೀನಿನ ಕಾಗದಪತ್ರ ನೋಡಿಕೊಳ್ಳುವ, ಬೆಳೆ ಹಾಳಾದರೆ ಪಂಚನಾಮೆ ಬರೆಯುವ ಕೆಲಸ ನನ್ನದು. ಅಂಗಡಿಗೆ ವಾರದ ರಜೆ ಇದ್ದ ದಿನ ಮೇಸ್ತ್ರಿ ಎರಡು ಬಸ್ಸು ಬದಲಿಸಿ ಬಂದು, ಬೆಳೆ ಕಾಯಲು ಬಂದೂಕಿನ ಪರವಾನಗಿ ಪಡೆದವರ ಮನೆ ಮನೆಗೆ ಹೋಗುತ್ತಿದ್ದರು. ಯಾರೂ ಅವರನ್ನು ಕಳಿಸಿರಲಿಲ್ಲ. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ಹಳೆಯ ಪಂಚೆಯ ತುಂಡು, ಒಂದು ಭೂತಗನ್ನಡಿ, ಕೆಂಪು ದಾರದ ಉಂಡೆ.

ಹಾಗೇಕೆ ಅಲೆಯುತ್ತಿದ್ದರು ಎಂಬುದು ನನಗೆ ತಿಳಿದದ್ದು ತಡವಾಗಿ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಒಂದು ಮಳೆಗಾಲದಲ್ಲಿ ಅಂಗಡಿಯ ಹೆಂಚು ಸೋರಿ ತೋಟೆಯ ಪೆಟ್ಟಿಗೆಯೊಂದು ನೆನೆದಿತ್ತು. ಮಾಲೀಕರು ಒಣಗಿಸಿ ಮತ್ತೆ ಕಪಾಟಿಗೆ ಇಡಲು ಹೇಳಿದರು. ಮೇಸ್ತ್ರಿ ಒಣಗಿಸಿ, ಉಬ್ಬಿದ ಕಾಗದವನ್ನು ಉಜ್ಜಿ ಸಪಾಟು ಮಾಡಿ, ಇಟ್ಟರು. ಅವುಗಳಲ್ಲಿ ಕೆಲವು ಹಾರವಾಡದ ಒಂದು ತೆಂಗಿನ ತೋಟಕ್ಕೆ ಹೋದವು. ಅಲ್ಲಿನ ಕಾವಲುಗಾರ ದೇವು ಹರಿಕಂತ್ರ ಎಂಬವರು ಮಂಗ ಓಡಿಸಲು ಹೊಡೆದಾಗ ಮೊದಲ ತೋಟೆ ಬರೀ ‘ಫುಸ್’ ಎಂದಿತು. ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅದು ಗೊತ್ತಿಲ್ಲದೆ ಅವರು ಎರಡನೆಯದನ್ನು ಹಾಕಿ ಹೊಡೆದರು. ನಳಿಗೆ ಸಿಡಿದು ಎಡಗೈಯ ಮೂರು ಬೆರಳು ಹೋದವು. ನಳಿಗೆಯನ್ನು ಸಮುದ್ರದ ದಂಡೆಯ ಹೊಯ್ಗೆಗೆ ಊರಿಟ್ಟು, ಮರಳು ತುಂಬಿಸಿಕೊಂಡು ಹೊಡೆದ ಎಂದು ಜನ ತೀರ್ಮಾನಿಸಿದರು. ನಿಜ ಗೊತ್ತಿದ್ದದ್ದು ಇಬ್ಬರಿಗೆ. ಮಾಲೀಕರು ತೀರಿಕೊಂಡ ಮೇಲೆ ಒಬ್ಬರಿಗೆ.

ನಮ್ಮ ಕಡೆ ತೋಟೆ ನೆನೆದರೆ ಜನ ಏನು ಮಾಡುತ್ತಿದ್ದರೆಂಬುದನ್ನೂ ಹೇಳಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಮುರುಗಲು ಸಿಪ್ಪೆಯ ಪಕ್ಕ ಒಣಗಲು ಇಡುತ್ತಿದ್ದರು. ಕಾಗದ ಉಬ್ಬಿ ನಳಿಗೆಗೆ ಹೋಗದಿದ್ದರೆ, ಪಾತ್ರೆ ತಿಕ್ಕುವ ಒರಟು ಗರಗತ್ತಿ ಎಲೆಯಿಂದ ಉಜ್ಜುತ್ತಿದ್ದರು. ಮೇಲೆ ಮೇಣದಬತ್ತಿ ಸವರಿದರೆ ಆಯಿತು. ಹೊಸ ತೋಟೆಗಿಂತ ಅದೇ ಚೆಂದ ಕಾಣುತ್ತಿತ್ತು. ಹಟ್ಟಿಕೇರಿಯಲ್ಲಿ ಒಬ್ಬರು ಹಾಗೆ ಮಿರುಗುವ ಐದು ತೋಟೆಗಳನ್ನು ತಟ್ಟೆಯಲ್ಲಿಟ್ಟು ತಂದಾಗ ಮೇಸ್ತ್ರಿ ಗಂಭೀರವಾಗಿ ಕೇಳಿದ್ದರು: “ಥಂಡಿ ಆದ್ದಕ್ಕೆ ಮುಖಕ್ಕೆ ಪೌಡರ್ ಬೇರೆ ಹಚ್ಚಿದ್ರಿ? ಮದ್ವಿಗೆ ಕಳ್ಸೂದಾ ಇವ್ರನ್ನ?”

“ಒಣಗಿದ್ವಲ್ರಾ ಮೇಸ್ತ್ರಿ, ಗಟ್ಟಿ ಅವೆ.”

“ಮೈ ಒಣಗಿದೆ. ಎದಿಯೊಳಗಿನ ಕಫ ಒಣಗಿದ್ದು ನಿಮ್ಗೆ ಯಾರು ಹೇಳಿದ್ರು?”

ಪರೀಕ್ಷೆ ಮುಗಿಯುವ ತನಕ ಯಾರ ಮನೆಯಲ್ಲೂ ಚಹ ಮುಟ್ಟುತ್ತಿರಲಿಲ್ಲ. “ಮೊದ್ಲು ಪೇಶಂಟು, ಮತ್ತೆ ಚಾ.” ಥಂಡಿ ಹಿಡಿದವನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ, ಕೆಂಪು ದಾರ ಬಿಗಿದು, ಪರವಾನಗಿ ಪುಸ್ತಕದ ಜೊತೆ ಅಂಗಡಿಗೆ ತಂದು ಒಪ್ಪಿಸಬೇಕೆಂದು ಹೇಳಿ ಮನೆಯವರ ಕೈಗೇ ಕೊಡುತ್ತಿದ್ದರು. ಹೊರಡುವ ಮೊದಲು ಒಂದು ಪಾಠ ಇರುತ್ತಿತ್ತು. ಬೆರಳಿನಿಂದ ಬಂದೂಕಿನ ಕುದುರೆ ಎಳೆದಾಗ ಬರೀ ‘ಟಿಕ್’ ಎಂದರೆ ಅದನ್ನು ತೆರೆಯಬಾರದು, ತಿರುಗಿಸಬಾರದು, ಮೂತಿ ಎತ್ತ ಇದೆಯೋ ಅತ್ತಲೇ ಹಿಡಿದು ಅರವತ್ತು ಎಣಿಸಬೇಕು. ಮದ್ದಿಗೆ ಬೆಂಕಿ ತಡವಾಗಿ ಹತ್ತಬಹುದು. ಎಣಿಕೆಯನ್ನು ಅವರು ಕೊಂಕಣಿಯಲ್ಲೇ ಹೇಳಿಕೊಡುತ್ತಿದ್ದರು, ಏಕೆಂದರೆ ಅವರಿಗೆ ಬೇರೆ ಭಾಷೆಯಲ್ಲಿ ಎಣಿಸಲು ಬರುತ್ತಿರಲಿಲ್ಲ. ಹಾಗಾಗಿ ಕೊಂಕಣಿಯ ಬೇರೆ ಒಂದು ಶಬ್ದವೂ ಬಾರದ ರಾಮನಗುಳಿಯ ಬೇಸಾಯಗಾರರು ಏಕ್, ದೋನ್, ತೀನ್ ಎಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು.

ನಾನು ಕಣ್ಣಾರೆ ಕಂಡ ಘಟನೆ ಹಮ್ಮು ಗೌಡನ ಅಂಗಳದಲ್ಲಿ ನಡೆಯಿತು. ಅದನ್ನು ಇದ್ದಂತೆಯೇ ಬರೆಯಲು ಪ್ರಯತ್ನಿಸುತ್ತೇನೆ. 

ಹಮ್ಮುವಿನ ಮನೆ ಗಂಗಾವಳಿ ನದಿಯಿಂದ ಸ್ವಲ್ಪ ಮೇಲೆ, ಕಾಡಿನ ಅಂಚಿನಲ್ಲಿ. ನವರಾತ್ರಿ ಮುಗಿದು ಹತ್ತು ದಿನ ಆಗಿರಬೇಕು. ಭತ್ತದ ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಗಳು ಗದ್ದೆಗೆ ಬಿದ್ದು ಅರ್ಧ ಬೆಳೆ ಮಲಗಿಸಿದ್ದವು. ನಾನು ಪಂಚನಾಮೆಗೆ ಹೋಗಿದ್ದೆ. ಮೇಸ್ತ್ರಿ ನನಗಿಂತ ಮೊದಲೇ ಬಂದು ಜಗಲಿಯಲ್ಲಿ ಕುಳಿತಿದ್ದರು. ಎದುರಿಗೆ ಹತ್ತು ತೋಟೆ. ಹಿತ್ತಾಳೆಯ ತಳಗಳು ದೇವರ ಮುಂದಿನ ದೀಪದ ಹಾಗೆ ಥಳಥಳಿಸುತ್ತಿದ್ದವು.

ಅವರು ಏಳನ್ನು ಎಡಕ್ಕೆ, ಮೂರನ್ನು ಬಲಕ್ಕೆ ಇಟ್ಟರು.

“ಏಳೂ ಥಂಡಿ.”

“ಎಲ್ಲಿ ಥಂಡಿ?” ಹಮ್ಮು ಗೌಡ ದನಿ ಎತ್ತಿದ. “ಈ ವರ್ಷ ಹೊಳಿ ನೀರು ನನ್ನ ಮೆಟ್ಲು ಹತ್ತಲಿಲ್ಲ. ಡಬ್ಬಿ ಗೋಡೆ ಮಾಡದಲ್ಲೇ ಇತ್ತು. ನೀರು ಕಂಡೇ ಇಲ್ಲ ಅವು.”

ಮೇಸ್ತ್ರಿ ಒಂದು ತೋಟೆಯ ತಳದ ಅಂಚನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಹಮ್ಮುವಿನ ಹೆಂಡತಿ ಸೋಮಿ ನಿಂತಿದ್ದಳು. ಸೆರಗಿನ ತುದಿ ಅವಳ ಬಾಯಲ್ಲಿತ್ತು. ಮೇಸ್ತ್ರಿ ಕಣ್ಣು ತಗ್ಗಿಸಿದರು.

“ನೀರಲ್ಲ ಗೌಡ, ಹವಾ. ಹವಾ ಸರಿ ಇಲ್ಲ ಈ ಸಲ. ಗಾಳಿಗೇ ಹಿಡೀತದೆ ಥಂಡಿ.”

ಇದು ಅವರು ಹೇಳಿದ ಸುಳ್ಳು. ಆಗ ಅದು ಸುಳ್ಳೆಂದು ನನಗೆ ತಿಳಿಯಲಿಲ್ಲ. ಹಮ್ಮುವಿಗೆ ಮಾತ್ರ ಅದು ಸರಿ ಕಾಣಲಿಲ್ಲ.

“ಗಾಳಿಗೆ ಥಂಡಿ ಆಗೂದು ನಿಮ್ಮ ಕಾರವಾರದವ್ರಿಗೆ. ನನ್ನ ತೋಟಿಗಲ್ಲ. ಕಾಣಿ ಈಗ” ಎಂದವನೇ ಎಡಗಡೆಯ ಏಳರಲ್ಲಿ ಒಂದನ್ನು ಎತ್ತಿ, ಗೋಡೆಗೆ ಒರಗಿಸಿದ್ದ ಒಂಟಿ ನಳಿಗೆಯ ಬಂದೂಕಿಗೆ ಹಾಕಿ, ಅಂಗಳಕ್ಕೆ ಇಳಿದ. ಅಂಗಳದಾಚೆ ಕೆಂಪು ಮಣ್ಣಿನ ಎತ್ತರದ ಧರೆ. ಅದಕ್ಕೆ ಗುರಿ ಹಿಡಿದ. ಮೇಸ್ತ್ರಿ “ಗೌಡ, ಬೇಡ” ಎಂದು ಏಳುವಷ್ಟರಲ್ಲಿ ಕುದುರೆ ಎಳೆದಾಗಿತ್ತು.

ಟಿಕ್.

ಅದರ ಬೆನ್ನಿಗೇ ಸೋಮಿ ಕೂಗಿಕೊಂಡು ಜಗಲಿಯಿಂದ ಹಾರಿ ಬಂದಳು. “ಬೇಡ್ವೋ! ನಾ ತೊಳ್ದಿದ್ದೆ ಅದ್ನ! ಆಯುಧಪೂಜಿಗೆ ಹುಳಿ ಹಚ್ಚಿ ತಿಕ್ಕಿದ್ದೆ!”

ಹೆಂಡತಿಯ ದನಿಗೆ ಹಮ್ಮು ತಿರುಗಿದ. ಬಂದೂಕೂ ಅವನ ಜೊತೆ ತಿರುಗತೊಡಗಿತು. ತಿರುಗುತ್ತಲೇ ಅವನ ಹೆಬ್ಬೆರಳು ಬಂದೂಕು ತೆರೆಯುವ ಕೀಲಿಗೆ ಹೋಗಿದ್ದನ್ನು ನಾನು ಕಂಡೆ. ನಾನು ತುಳಸಿಕಟ್ಟೆಯ ಪಕ್ಕದಲ್ಲಿದ್ದೆ, ಕೈಯಲ್ಲಿ ಕಾಗದ ಇತ್ತು, ಏನೂ ಮಾಡಲಿಲ್ಲ. ಐವತ್ತೈದು ದಾಟಿದ್ದ ಮೇಸ್ತ್ರಿ ಹೇಗೆ ಅಷ್ಟು ದೂರ ದಾಟಿದರೋ ಕಾಣೆ. ಒಂದು ಕೈಯಲ್ಲಿ ನಳಿಗೆ, ಇನ್ನೊಂದು ಕೈಯಲ್ಲಿ ಹಮ್ಮುವಿನ ಹೆಬ್ಬೆರಳು ಹಿಡಿದು, ಮೂತಿಯನ್ನು ಮತ್ತೆ ಧರೆಯ ಕಡೆಗೆ ನೂಕಿ, ಅಲ್ಲೇ ಒತ್ತಿಹಿಡಿದರು.

“ತೆಗೀಬೇಡ. ಹಂಗೇ ಇರು. ಏಕ್. ದೋನ್. ತೀನ್.”

‘ಚಾರ್’ ಎಂಬುದು ಅವರ ಬಾಯಿಂದ ಪೂರ್ತಿ ಬರಲಿಲ್ಲ. ಬಂದೂಕು ಹಾರಿತು. ಧರೆಯಿಂದ ಒಂದು ಬುಟ್ಟಿಯಷ್ಟು ಮಣ್ಣು ಜಾರಿತು. ಹಿತ್ತಲಿನ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಆಮೇಲೆ ನಾನು ಹೆಜ್ಜೆ ಹಾಕಿ ಅಳೆದೆ. ಸೋಮಿ ನಿಂತ ಜಾಗಕ್ಕೂ ಹಮ್ಮು ನಿಂತ ಜಾಗಕ್ಕೂ ಏಳು ಹೆಜ್ಜೆ.

ಬಂದೂಕನ್ನು ಬರಿದು ಮಾಡಿ ಗೋಡೆಗೆ ಇಟ್ಟ ಮೇಲೆ ಮೊದಲು ಬಾಯಿ ಬಿಟ್ಟವನು ಹಮ್ಮು.

“ಹೇಳೂಕೇನಾಗಿತ್ತೇ ನಿಂಗೆ?”

ಸೋಮಿ ಅಳುತ್ತಲೇ ಜಗಳಕ್ಕೆ ನಿಂತಳು. “ಕತ್ತಿ ತೊಳದ್ಯ, ಪಿಕಾಸಿ ತೊಳದ್ಯ, ನೇಗಿಲ ಕುಳ ತೊಳದ್ಯ ಅಂತ ನೀ ಎಲ್ಲ ಕೇಳ್ದೆ. ತೋಟಿ ತೊಳೀಬೇಡ ಅಂತ ಹೇಳಿದ್ಯಾ? ಅವೂ ಆಯುಧ ಅಲ್ದಾ? ಏಳು ತಿಕ್ಕಿದ್ಮೇಲೆ ಕಾಗದ ಮೆತ್ತಗಾಯ್ತು. ಹೆದ್ರಿ ಅಟ್ಟದ್ಮೇಲೆ ಇಟ್ಟೆ. ಉಳ್ದ ಮೂರು ಬರೀ ಬಟ್ಟೀಲಿ ಒರ್ಸಿದ್ದೆ.”

ಮೇಸ್ತ್ರಿಯ ಎಡಕ್ಕಿದ್ದದ್ದು ಏಳು, ಬಲಕ್ಕಿದ್ದದ್ದು ಮೂರು. ಹಮ್ಮು ಅದನ್ನು ಎರಡು ಸಲ ನೋಡಿದ.  ಮೇಸ್ತ್ರಿ ಮೆಟ್ಟಿಲ ಮೇಲೆ ಕುಳಿತಿದ್ದರು. ನಳಿಗೆ ಹಿಡಿದಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. 

“ನಿನ್ ತಪ್ಪಲ್ಲ ತಂಗಿ. ನಂದು. ತಳದ ಅಂಚಲ್ಲಿ ಹುಳಿ ನಾರು ಕಂಡಿದ್ದೆ ನಾನು. ನೀ ಬೈಸ್ಕಂಬೂದು ಬೇಡ ಅಂತ ಹವಾ, ಗಾಳಿ ಅಂದೆ. ಹುಳಿ ಅಂದಿದ್ರೆ ಇಂವ ಬಂದೂಕು ಎತ್ತೂದೇ ಇಲ್ಲಾಗಿತ್ತು.”

ಸೋಮಿ ಚಹ ತಂದಳು. ಆ ದಿನ ಅವರು ಕುಡಿಯಲಿಲ್ಲ. ಕುಡಿಯಲು ಆಗಲಿಲ್ಲ ಎಂದರೆ ಸರಿ. ಲೋಟ ತುಟಿಯವರೆಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲಿತ್ತು.

ಬಸ್ಸಿಗಾಗಿ ನಾವಿಬ್ಬರೂ ರಸ್ತೆಯಲ್ಲಿ ಕಾಯುತ್ತ ನಿಂತಾಗ ಅವರು ಹಾರವಾಡದ ಕತೆ ಹೇಳಿದರು. ಮೇಲೆ ನಾನು ಬರೆದದ್ದು ಅವರು ಅಲ್ಲಿ ಹೇಳಿದ್ದೇ. ಹೇಳಿ ಮುಗಿಸಿ, “ಆ ಹೆಂಗಸು ಒಂದು ಟಿಕ್ ಕೇಳಿದ್ದಕ್ಕೇ ಗಂಡನ ಎದುರು ಓಡಿ ಬಂದು ನಾ ತೊಳ್ದೆ ಅಂದ್ಳು. ನಾನು ಇಪ್ಪತ್ತು ವರ್ಷ ಆದ್ರೂ ಹೇಳ್ಲಿಲ್ಲ. ಕಂಡೋರ ತೋಟೆಗೆ ಕಿವಿ ಹಿಡ್ಕಂಡು ತಿರಗ್ತೇ ಇದ್ದೇನೆ” ಎಂದರು. ಬಸ್ಸು ಬರುವ ದಾರಿಯ ಕಡೆ ತಿರುಗಿ, “ತಲಾಟ್ರೆ, ನೀವು ಪಂಚನಾಮೆ ಬರ್ಯೂರು. ನನ್ ಜೊತೆ ಹಾರವಾಡಕ್ಕೆ ಬತ್ರಿ? ಒಬ್ನೇ ಹೋದ್ರೆ ದಾರೀಲಿ ತಿರ್ಗಿ ಬರ್ತೆ ನಾನು. ಮೂರ್ ಸಲ ಹಾಗೇ ಬಂದಿದ್ದೆ” ಎಂದರು.

ಮುಂದಿನ ರಜೆಯ ದಿನ ಹೋದೆವು. ಹಾರವಾಡದ ದಂಡೆಯಲ್ಲಿ ಮನೆ ಕೇಳಿದಾಗ ಒಬ್ಬ ಹೆಂಗಸು, “ಯಾವ ದೇವು? ಹೊಯ್ಗೆ ದೇವುನಾ?” ಎಂದಳು. ಮೇಸ್ತ್ರಿ ನಿಂತುಬಿಟ್ಟರು. ಆ ಅಡ್ಡಹೆಸರು ಅವರಿಗೂ ಗೊತ್ತಿರಲಿಲ್ಲ. ನಳಿಗೆಗೆ ಹೊಯ್ಗೆ ತುಂಬಿಸಿಕೊಂಡವನೆಂದು ಊರು ಆ ಮನುಷ್ಯನನ್ನು ಇಪ್ಪತ್ತು ವರ್ಷ ಹಾಗೆಯೇ ಕರೆದಿತ್ತು.

ದೇವು ಹರಿಕಂತ್ರರು ಮನೆಯ ಮುಂದೆ ಬಲೆ ಹೊಲಿಯುತ್ತ ಕುಳಿತಿದ್ದರು. ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ಆ ಎರಡರ ನಡುವೆಯೇ ಬಲೆಯ ಕಣ್ಣುಗಳನ್ನು ಬಿಗಿಯಾಗಿ ಹಿಡಿದಿದ್ದರು. ಮೇಸ್ತ್ರಿ ನಿಂತೇ ಹೇಳಿದರು. ಸೋರಿದ ಹೆಂಚು, ಮಾಲೀಕರ ಮಾತು, ತಾವು ಒಣಗಿಸಿದ್ದು, ಉಜ್ಜಿದ್ದು, ಕಪಾಟಿಗೆ ಇಟ್ಟದ್ದು. ತಪ್ಪನ್ನು ಮಾಲೀಕರ ಮೇಲೆ ಹಾಕಲಿಲ್ಲ. “ಉಜ್ಜಿದ್ದು ನನ್ ಕೈ” ಎಂದರು.

ದೇವು ಸೂಜಿ ನಿಲ್ಲಿಸಲಿಲ್ಲ. ಒಂದು ಸಾಲು ಪೂರ್ತಿ ಹೊಲಿದು ಗಂಟು ಹಾಕಿದರು.

“ನನ್ ಹೆಂಡ್ತಿ ಹೋಗಿ ನಾಕು ವರ್ಷ ಆಯ್ತು” ಎಂದರು. “ಸಾಯೂ ತನಕ ಬೈದ್ಳು ನನ್ನ. ಹೊಯ್ಗೆ ತುಂಬಿದ್ದು ನೋಡೂಕೆ ಕಣ್ಣಿರ್ಲಿಲ್ವಾ, ಕುಡ್ದಿದ್ಯಾ ಅಂತ. ಇಲ್ಲ ಅಂದೆ ಮೊದ್ಲು. ಮತ್ತೆ ನಂಗೂ ಹೌದು ಅಂತ್ಲೇ ಆಯ್ತು. ನಾನೇ ತುಂಬ್ಸಿರ್ಬೇಕು ಅಂತ. ಅವಳಿಗೆ ಹೇಳೂರ್ಯಾರು ಈಗ?”



ದೇವು ಎದ್ದು ಬೇಲಿಯ ಬಳಿ ಹೋಗಿ ಅಕ್ಕಪಕ್ಕದವರನ್ನು ಕೂಗಿದರು. ಎಂಟು ಹತ್ತು ಮಂದಿ ಬಂದರು. “ಈಗ ಇವ್ರೆದ್ರಿಗೆ ಹೇಳಿ. ಮೊದ್ಲಿಂದ.” ಮೇಸ್ತ್ರಿ ಮೊದಲಿಂದ ಹೇಳಿದರು. ಗುಂಪಿನಲ್ಲಿ ದೇವುವಿನ ಅಣ್ಣ ಇದ್ದರು. ಕಿವಿ ಮಂದ.

“ಏನಂಬ್ರು? ಹೊಯ್ಗೆಯಾ?”

“ಹೊಯ್ಗೆ ಅಲ್ವೋ ಅಣ್ಣ! ತೋಟೆ! ತೋಟೆ ನೆಂದಿತ್ತಂತೆ!” ಎಂದು ದೇವು ಅವರ ಕಿವಿಯ ಬಳಿ ಕಿರುಚಿದರು.  “ನೀವೇ ಹೇಳಿ ಮೇಸ್ತ್ರಿ, ಗಟ್ಟಿಯಾಗಿ ಹೇಳಿ.” ಮೇಸ್ತ್ರಿ ಮೂರನೆಯ ಸಲ, ಆ ಮುದುಕರ ಕಿವಿಗೆ ಬಾಯಿ ಇಟ್ಟು, ಒಂದೊಂದೇ ಮಾತು ಗಟ್ಟಿಯಾಗಿ ಹೇಳಿದರು. ಕೇಳಲು ಕಷ್ಟವಾಗಿತ್ತು. ಮುಗಿದ ಮೇಲೆ ದೇವು, “ಆಯ್ತು, ಹೋಗಿ” ಎಂದು ಒಳಗೆ ಹೋದರು. ನೀರು ಬೇಕೇ ಎಂದೂ ಕೇಳಲಿಲ್ಲ. ನಾವೂ ಬಯಸಿರಲಿಲ್ಲ.

ಅದರ ನಂತರ ಮೇಸ್ತ್ರಿ ವರ್ಷಕ್ಕೆ ಎರಡು ಮೂರು ಸಲ ಹಾರವಾಡಕ್ಕೆ ಹೋಗುತ್ತಿದ್ದರೆಂದು ನನಗೆ ತಿಳಿದದ್ದು ಅವರ ಬಾಯಿಂದಲೇ. ಏಕೆ ಎಂದು ಕೇಳಿದೆ. “ಹೋಗ್ತೆ, ಮೆಟ್ಲ ಮೇಲೆ ಕೂರ್ತೆ, ಬಲೆಯ ಸಿಕ್ಕು ಬಿಡ್ಸಿ ಕೊಡ್ತೆ. ಮಾತಿಲ್ಲ. ಒಂದ್ ತಾಸು. ಬತ್ತೆ.” ಊರು ನಿಜ ತಿಳಿದುಕೊಂಡಿತು, ಅಡ್ಡಹೆಸರನ್ನು ಮಾತ್ರ ಬಿಡಲಿಲ್ಲ. ಹೊಯ್ಗೆ ದೇವು ಹೊಯ್ಗೆ ದೇವುವಾಗಿಯೇ ಉಳಿದರು. ಮೇಸ್ತ್ರಿಗೆ ಅದು ಕೊನೆಯವರೆಗೂ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಆ ಹೆಸರು ಎತ್ತಿದರೆ, ಗುರುತಿಲ್ಲದವರಾದರೂ ಸರಿ, ಸೀಟು ಬಿಟ್ಟು ಹೋಗಿ ತಿದ್ದುತ್ತಿದ್ದರಂತೆ.

ತೊಂಬತ್ತರ ದಶಕದಲ್ಲಿ ನೀರು ಹಿಡಿಯದ ಪ್ಲಾಸ್ಟಿಕ್ಕಿನ ತೋಟೆಗಳು ಹೆಚ್ಚಾದವು. ಮೇಸ್ತ್ರಿಯ ಕಿವಿಯೂ ಮಂದವಾಯಿತು. ನಾನು ಕೊನೆಯ ಸಲ ಕೋಡಿಬಾಗದ ಅವರ ಮನೆಗೆ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ತೋಟೆಯ ಸುದ್ದಿ ಎತ್ತಲಿಲ್ಲ. ಹಮ್ಮು ಗೌಡನ ಹೆಂಡತಿ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಗಂಡನ ಜೊತೆ ಈಗಲೂ ಜಗಳಕ್ಕೆ ನಿಲ್ಲುತ್ತಾಳೆ ಎಂದೆ. ಅವರು ಸದ್ದಿಲ್ಲದೆ ನಕ್ಕರು. ಹೊರಡುವಾಗ, “ನನ್ ಸುದ್ದಿ ಹಾರವಾಡಕ್ಕೆ ನೀವೇ ಹೋಗಿ ಹೇಳಿ. ಚೀಟಿ ಗೀಟಿ ಬೇಡ” ಎಂದರು. ಯಾವ ಸುದ್ದಿ ಎಂದು ನಾನು ಕೇಳಲಿಲ್ಲ.

ಅವರು ತೀರಿಕೊಂಡ ಐದನೆಯ ದಿನ ಹೋಗಿ ಹೇಳಿದೆ. ದೇವು ಹರಿಕಂತ್ರರು ಬಾಗಿಲಲ್ಲಿ ನಿಂತು ಕೇಳಿದರು. ತುಂಬ ಮುದಿಯಾಗಿದ್ದರು. “ಒಳಗೆ ಬನ್ನಿ ತಲಾಟ್ರೆ” ಎಂದರು. ಇಲ್ಲೇ ಕೂರುತ್ತೇನೆ ಎಂದು ನಾನು ಮೆಟ್ಟಿಲ ಮೇಲೆ ಕುಳಿತೆ. ಅವರು ಹೊರಗೆ ಬಂದು, ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು.

“ಅವ್ನನ್ನ ಒಳಗೆ ಕರೀಬೇಕು ಅಂತ ಎರಡ್ ಸಲ ಬಾಯಿಗೆ ಬಂದಿತ್ತು” ಎಂದರು. “ಒಂದ್ಸಲ ಮಳೆ ಇತ್ತು. ನೆನೀತಾ ಕೂತಿದ್ದ.”

ಆಮೇಲೆ ಅಂದರು: “ಕರೀಲಿಲ್ಲ.”